ಮೇಲ್ಮನವಿ ಬೇಡ, ಮತ್ತೆ ಅರ್ಜಿ ಹಾಕಿ: ವಿಸಿಟರ್ ವೀಸಾ ರಿಜೆಕ್ಟ್ ಆದವರ ಮುಂದಿರುವ ಹೊಸ ಲೆಕ್ಕ

2025ರ ಮಧ್ಯಭಾಗದಲ್ಲಿ ವಿಸಿಟರ್ ವೀಸಾ ಬಗ್ಗೆ ಒಂದರ ಹಿಂದೆ ಒಂದು ಮೂರು ಸುದ್ದಿ ಬಂದವು. ಜರ್ಮನಿ ಜುಲೈ 1ರಿಂದ ತನ್ನ ಒಂದು ಹಳೇ ಪದ್ಧತಿಯನ್ನು ಎಲ್ಲ ದೇಶಗಳಲ್ಲೂ ನಿಲ್ಲಿಸಿತು. ವೀಸಾ ಕೊಡಲ್ಲ ಎಂದ ಕಚೇರಿಗೇ ಪತ್ರ ಬರೆದು ‘ಇನ್ನೊಂದು ಸಲ ನೋಡಿ’ ಎಂದು ಕೇಳುವ ಪದ್ಧತಿ ಅದು. ಅದೇ ತಿಂಗಳ ಕೊನೆಯಲ್ಲಿ ಕೆನಡಾ, ಕೆಲವು ಬಗೆಯ ಅರ್ಜಿಗಳಿಗೆ ನಿರಾಕರಣೆಯ ಪತ್ರದ ಜೊತೆಗೇ ಅಧಿಕಾರಿ ಬರೆದುಕೊಂಡ ಟಿಪ್ಪಣಿಯನ್ನೂ ಕಳಿಸಲು ಶುರುಮಾಡಿತು. ಸೆಪ್ಟೆಂಬರ್ 6ರಂದು ಅಮೆರಿಕ, ತಾತ್ಕಾಲಿಕ ವೀಸಾ ಬೇಕಾದವರು ತಮ್ಮ ದೇಶದಲ್ಲಿ ಅಥವಾ ತಾವು ವಾಸವಿರುವ ದೇಶದಲ್ಲೇ ಸಂದರ್ಶನಕ್ಕೆ ಹೋಗಬೇಕು ಎಂದಿತು.

ಒಂದು ದೇಶ ಬಾಗಿಲು ಮುಚ್ಚಿತು, ಒಂದು ಕಿಟಕಿ ತೆರೆಯಿತು, ಇನ್ನೊಂದು ಓಣಿ ಕಿರಿದು ಮಾಡಿತು. ಈಗಾಗಲೇ ಒಮ್ಮೆ ರಿಜೆಕ್ಟ್ ಆಗಿರುವವರಿಗೆ ಇದರಿಂದ ಗೊಂದಲ ಜಾಸ್ತಿಯಾಗಿದೆ. ಮತ್ತೆ ಅರ್ಜಿ ಹಾಕಬಹುದೇ? ಎಷ್ಟು ದಿನ ಕಾಯಬೇಕು? ಹಳೆಯದನ್ನು ಹೇಳಬೇಕೋ, ಬೇಡವೋ?

ಮೂರೂ ಸುದ್ದಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ವೀಸಾ ವಿಚಾರದಲ್ಲಿ ‘ನಿಮ್ಮ ತೀರ್ಮಾನ ತಪ್ಪು’ ಎಂದು ವಾದಿಸುವ ಜಾಗ ಕಡಿಮೆಯಾಗುತ್ತಿದೆ. ಅದರ ಬದಲು ‘ಮತ್ತೆ ಅರ್ಜಿ ಹಾಕಿ’ ಎನ್ನುವ ಉತ್ತರ ಬರುತ್ತಿದೆ. ಅಂದರೆ ಎರಡನೇ ಅರ್ಜಿ ಈಗ ಬರೀ ಎರಡನೇ ಪ್ರಯತ್ನ ಅಲ್ಲ. ಹೆಚ್ಚಿನವರಿಗೆ ಅದೇ ಮೇಲ್ಮನವಿ. ಹೆಸರು ಮಾತ್ರ ಬೇರೆ.

ಬಾಗಿಲು ಮುಚ್ಚಿದ್ದು ಯಾಕೆ?

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಬ್ರಿಟನ್ನಿನಲ್ಲಿ ಸಂಬಂಧಿಕರನ್ನು ನೋಡಲು ಹೋಗುವವರಿಗೆ ವೀಸಾ ಸಿಗದಿದ್ದರೆ ಪೂರ್ಣ ಮೇಲ್ಮನವಿಯ ಹಕ್ಕು ಇತ್ತು. 2013ರ ಜೂನ್ 25ರಂದು ಅದನ್ನು ತೆಗೆದರು. ಸರ್ಕಾರ ಆಗ ಕೊಟ್ಟ ಕಾರಣ ಸರಳವಾಗಿತ್ತು. ಮೇಲ್ಮನವಿ ಇತ್ಯರ್ಥವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಹೊಸ ಅರ್ಜಿಗೆ ಉತ್ತರ ಬೇಗ ಸಿಗುತ್ತದೆ. ಹಾಗಿರುವಾಗ ಮೇಲ್ಮನವಿ ಯಾರಿಗೆ ಬೇಕು?

ಜರ್ಮನಿಯ ವಾದವೂ ಹೆಚ್ಚುಕಡಿಮೆ ಇದೇ. ಮರುಪರಿಶೀಲನೆಯ ಆ ಪದ್ಧತಿ ಕಾನೂನಿನಲ್ಲಿ ಕಡ್ಡಾಯವಾಗಿ ಇರಲಿಲ್ಲ, ವಿದೇಶಾಂಗ ಇಲಾಖೆ ತಾನಾಗಿಯೇ ನಡೆಸಿಕೊಂಡು ಬಂದಿತ್ತು. 2023ರಿಂದ ಕೆಲವು ಕಚೇರಿಗಳಲ್ಲಿ ಪ್ರಯೋಗಕ್ಕೆಂದು ನಿಲ್ಲಿಸಿ ನೋಡಿದರು. ಹಳೇ ಕಡತ ತಿರುವಿಹಾಕುತ್ತಿದ್ದ ಸಿಬ್ಬಂದಿ ಹೊಸ ಅರ್ಜಿಗಳಿಗೆ ಸಿಕ್ಕರು, ಕಾಯುವ ಸಮಯ ಇಳಿಯಿತು ಎಂದು ಇಲಾಖೆ ಹೇಳಿತು. ಈಗ ಉಳಿದಿರುವುದು ಎರಡೇ ದಾರಿ: ಬರ್ಲಿನ್ನಿನ ಆಡಳಿತ ನ್ಯಾಯಾಲಯ ಅಥವಾ ಹೊಸ ಅರ್ಜಿ.

ಅಮೆರಿಕದಲ್ಲಿ ಆ ಬಾಗಿಲು ಮೊದಲಿನಿಂದಲೂ ಇಲ್ಲ ಅಂತಲೇ ಹೇಳಬಹುದು. ಕಾನ್ಸುಲೇಟ್ ಅಧಿಕಾರಿಯ ವೀಸಾ ತೀರ್ಮಾನವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ ಎಂಬ ತತ್ವ ಅಲ್ಲಿ ಹಳೆಯದು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಆ ಪ್ರಕರಣದಲ್ಲಿ ಗಂಡನಿಗೆ ವಲಸೆ ವೀಸಾ ಸಿಗದಿದ್ದುದನ್ನು ಅಮೆರಿಕದ ಪ್ರಜೆಯಾದ ಹೆಂಡತಿ ಪ್ರಶ್ನಿಸಿದ್ದರು. ಅವರಿಗೇ ಆ ದಾರಿ ಸಿಗಲಿಲ್ಲ ಎಂದಮೇಲೆ ಪ್ರವಾಸಕ್ಕೆ ಹೊರಟವರ ಮಾತು ದೂರವೇ ಉಳಿಯಿತು.

ಸರ್ಕಾರಗಳ ವಾದದಲ್ಲಿ ಸತ್ಯ ಇಲ್ಲದೇ ಇಲ್ಲ. ಎರಡು ವಾರದ ಪ್ರವಾಸಕ್ಕೆ ಎಂಟು ತಿಂಗಳ ವ್ಯಾಜ್ಯ ಯಾರಿಗೂ ಲಾಭವಲ್ಲ. ಮದುವೆಗೆಂದು ವೀಸಾ ಕೇಳಿದವರು ಕೇಸು ಗೆಲ್ಲುವಷ್ಟರಲ್ಲಿ ಆ ದಂಪತಿಗೆ ಮಗು ಹುಟ್ಟಿರುತ್ತದೆ.

ಆದರೆ ಬಿಲ್ ಯಾರಿಗೆ ಹೋಯಿತು?

ವಿರೋಧಿಸುವವರು ಕೇಳುವುದು ಇದನ್ನೇ. ಮೇಲ್ಮನವಿ ಇದ್ದಾಗ ಅಧಿಕಾರಿ ತಪ್ಪು ಮಾಡಿದ್ದರೆ ಆ ತಪ್ಪು ಅಳಿಸಿಹೋಗುತ್ತಿತ್ತು. ಹೊಸ ಅರ್ಜಿಯಲ್ಲಿ ಹಾಗಾಗುವುದಿಲ್ಲ. ಎರಡನೇ ಅಧಿಕಾರಿ ವೀಸಾ ಕೊಟ್ಟರೂ ಮೊದಲನೆಯವರದು ತಪ್ಪು ಎಂದು ಎಲ್ಲೂ ಬರೆಯುವುದಿಲ್ಲ. ಹಳೇ ನಿರಾಕರಣೆ ದಾಖಲೆಯಲ್ಲಿ ಹಾಗೇ ಕೂತಿರುತ್ತದೆ.

ಖರ್ಚೂ ಅಷ್ಟೇ. ಅಮೆರಿಕದ ವಿಸಿಟರ್ ವೀಸಾ ಅರ್ಜಿಗೆ 2023ರ ಜೂನ್‌ನಿಂದ 185 ಡಾಲರ್ ಶುಲ್ಕ ನಿಗದಿಯಾಯಿತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್ 11ರಂದು 80 ಯುರೋದಿಂದ 90 ಯುರೋಗೆ ಏರಿತು. ವೀಸಾ ಸಿಗಲಿ ಬಿಡಲಿ, ಆ ಹಣ ವಾಪಸ್ ಬರುವುದಿಲ್ಲ. ಎರಡನೇ ಸಲ ಮತ್ತೆ ಅಷ್ಟೇ ಕಟ್ಟಬೇಕು. ಕೆನಡಾದಲ್ಲಿ ಬೆರಳಚ್ಚು 10 ವರ್ಷ ಚಾಲ್ತಿಯಲ್ಲಿರುವುದರಿಂದ ಆ ಶುಲ್ಕವೊಂದು ಉಳಿಯುತ್ತದೆ. ಉಳಿದದ್ದು ಉಳಿಯುವುದಿಲ್ಲ. ನಾಲ್ಕು ಜನರ ಕುಟುಂಬವಾದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಅಂಕಿಅಂಶದಲ್ಲೂ ಒಂದು ತಮಾಷೆ ಇದೆ. ಅಮೆರಿಕದ ವಿದೇಶಾಂಗ ಇಲಾಖೆ ಯಾವ ದೇಶದವರಿಗೆ ಶೇಕಡಾ ಎಷ್ಟು ನಿರಾಕರಣೆ ಎಂದು ಪ್ರತಿವರ್ಷ ಪಟ್ಟಿ ಬಿಡುಗಡೆ ಮಾಡುತ್ತದೆ. ಆ ಲೆಕ್ಕ ನಡೆಯುವುದು ವರ್ಷದ ಕೊನೆಯ ತೀರ್ಮಾನದ ಮೇಲೆ. ಒಬ್ಬರಿಗೆ ಜನವರಿಯಲ್ಲಿ ಇಲ್ಲ ಎಂದರು, ಜೂನ್‌ನಲ್ಲಿ ಇಲ್ಲ ಎಂದರು, ಸೆಪ್ಟೆಂಬರ್‌ನಲ್ಲಿ ಕೊಟ್ಟರು ಎಂದುಕೊಳ್ಳಿ. ಪಟ್ಟಿಯಲ್ಲಿ ಅದು ಬರೀ ಒಂದು ‘ಕೊಟ್ಟದ್ದು’. ಎರಡು ‘ಇಲ್ಲ’ ಲೆಕ್ಕಕ್ಕೇ ಇಲ್ಲ. ಅರ್ಜಿದಾರರಿಗೆ ಮಾತ್ರ ಆ ಅನುಕೂಲವಿಲ್ಲ. ‘ನಿಮಗೆ ಹಿಂದೆ ಯಾವಾಗಲಾದರೂ ವೀಸಾ ನಿರಾಕರಿಸಲಾಗಿದೆಯೇ?’ ಎಂಬ ಪ್ರಶ್ನೆಗೆ ಅವರು ಬದುಕಿಡೀ ‘ಹೌದು’ ಎಂದೇ ಬರೆಯಬೇಕು.

ಎಲ್ಲ ‘ಇಲ್ಲ’ವೂ ಒಂದೇ ಅಲ್ಲ

ಮತ್ತೆ ಅರ್ಜಿ ಹಾಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ರಿಜೆಕ್ಟ್ ಆಯಿತು ಎನ್ನುವುದಷ್ಟೇ ತಲೆಯಲ್ಲಿರುತ್ತದೆ, ಯಾವ ಬಗೆಯ ರಿಜೆಕ್ಟ್ ಎನ್ನುವುದನ್ನು ನೋಡಿರುವುದಿಲ್ಲ.

ಅಮೆರಿಕವನ್ನೇ ತೆಗೆದುಕೊಳ್ಳಿ. ಅಲ್ಲಿನ ವಲಸೆ ಕಾಯ್ದೆಯ 214(ಬಿ) ಕಲಂ ಪ್ರಕಾರ, ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಎಂದೇ ಅಧಿಕಾರಿ ಮೊದಲು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ತೋರಿಸಲು ಆಗದಿದ್ದರೆ 214(ಬಿ) ಅಡಿ ನಿರಾಕರಣೆ. ಇದಕ್ಕೆ ಮೇಲ್ಮನವಿ ಇಲ್ಲ, ನಿಷೇಧದ ಅವಧಿಯೂ ಇಲ್ಲ. ನಾಳೆಯೇ ಅರ್ಜಿ ಹಾಕಲು ಅಡ್ಡಿಯಿಲ್ಲ.

221(ಜಿ) ಬೇರೆ. ಒಂದು ಕಾಗದ ಕಡಿಮೆ ಇದೆ ಅಥವಾ ಇನ್ನೂ ಪರಿಶೀಲನೆ ನಡೆಯಬೇಕು ಎಂದರ್ಥ. ಕೇಳಿದ ದಾಖಲೆ ಕೊಡಲು ಒಂದು ವರ್ಷ ಸಮಯವಿರುತ್ತದೆ, ಅದರೊಳಗೆ ಕೊಟ್ಟರೆ ಹೊಸ ಶುಲ್ಕ ಕಟ್ಟಬೇಕಿಲ್ಲ. ಆದರೆ ವೆಬ್‌ಸೈಟಿನಲ್ಲಿ ಇದಕ್ಕೂ ‘ರಿಫ್ಯೂಸ್ಡ್’ ಎಂದೇ ಬರುತ್ತದೆ. ಅದನ್ನು ನೋಡಿ ಹೌಹಾರಿ ಸುಮ್ನೆ ಹೊಸ ಅರ್ಜಿ ಹಾಕಿ ದುಡ್ಡು ಕಳೆದುಕೊಳ್ಳುವವರಿದ್ದಾರೆ. ಇನ್ನು 212ನೇ ಕಲಂ ಅಡಿ ಬಂದ ನಿರಾಕರಣೆ ನಿಜಕ್ಕೂ ಗಂಭೀರ. ಸುಳ್ಳು ಮಾಹಿತಿ, ಅಪರಾಧ, ಹಿಂದೆ ಅವಧಿ ಮೀರಿ ಉಳಿದದ್ದು ಇವೆಲ್ಲ ಅಲ್ಲಿ ಬರುತ್ತವೆ. ಅದನ್ನು ಹೊಸ ಅರ್ಜಿಯೊಂದರಿಂದಲೇ ದಾಟಲು ಆಗುವುದಿಲ್ಲ, ವಿಶೇಷ ವಿನಾಯಿತಿ ಬೇಕಾಗುತ್ತದೆ.

ಷೆಂಗೆನ್ ದೇಶಗಳಲ್ಲಿ ಒಂದು ಮಾದರಿ ನಮೂನೆ ಇದೆ. ಕಾರಣಗಳ ಪಟ್ಟಿ ಅಲ್ಲೇ ಅಚ್ಚಾಗಿರುತ್ತದೆ, ಅಧಿಕಾರಿ ಅನ್ವಯಿಸುವುದರ ಮುಂದೆ ಗುರುತು ಹಾಕುತ್ತಾರೆ. ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲ, ಖರ್ಚಿಗೆ ಹಣವಿದೆ ಎಂದು ತೋರಿಸಿಲ್ಲ, ಕೊಟ್ಟ ಮಾಹಿತಿ ನಂಬುವಂತಿಲ್ಲ, ವಾಪಸ್ ಹೋಗುವಿರಿ ಎಂಬುದರ ಮೇಲೆ ಅನುಮಾನವಿದೆ, ಹೀಗೆ. ಆ ಪಟ್ಟಿಯ ಹೊರಗಿನ ಕಾರಣಕ್ಕೆ ವೀಸಾ ನಿರಾಕರಿಸುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2013ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೆ ಸಾಕ್ಷ್ಯವನ್ನು ಹೇಗೆ ಅಳೆಯಬೇಕು ಎನ್ನುವುದರಲ್ಲಿ ಅಧಿಕಾರಿಗೆ ವಿಶಾಲ ಸ್ವಾತಂತ್ರ್ಯವಿದೆ ಎಂದೂ ಅದೇ ತೀರ್ಪು ಹೇಳಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಅರ್ಧ ವಾಪಸ್ ತೆಗೆದುಕೊಂಡ ಹಾಗೆ.

ಕೆನಡಾದ ಪತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತಿತ್ತು. ‘ನೀವು ಅವಧಿ ಮುಗಿದ ಮೇಲೆ ಕೆನಡಾ ಬಿಟ್ಟು ಹೋಗುವಿರಿ ಎಂದು ನನಗೆ ಮನವರಿಕೆಯಾಗಿಲ್ಲ’ ಎಂಬ ಅರ್ಥದ ಒಂದು ಸಾಲು, ಅದರ ಕೆಳಗೆ ಆಸ್ತಿ, ಕುಟುಂಬ ಸಂಬಂಧ, ಪ್ರವಾಸದ ಉದ್ದೇಶ ಎಂಬಂಥ ಸಿದ್ಧ ವಾಕ್ಯಗಳು. ನಿಜವಾದ ಕಾರಣ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಡತದ ಟಿಪ್ಪಣಿ ತರಿಸಬೇಕಿತ್ತು. ಅದಕ್ಕೇ 2025ರ ಜುಲೈ 29ರ ಬದಲಾವಣೆ ಮುಖ್ಯವಾದದ್ದು. ‘ಆರ್ಥಿಕ ಸ್ಥಿತಿ’ ಎಂಬ ಎರಡು ಪದಕ್ಕೂ ‘ಅರ್ಜಿಗೆ ಎರಡು ವಾರ ಮುಂಚೆ ಖಾತೆಗೆ ಬಂದ ದೊಡ್ಡ ಮೊತ್ತಕ್ಕೆ ವಿವರಣೆಯಿಲ್ಲ’ ಎಂಬ ಟಿಪ್ಪಣಿಗೂ ಎಷ್ಟು ವ್ಯತ್ಯಾಸ ಅಲ್ವಾ? ಮೊದಲನೆಯದಕ್ಕೆ ಉತ್ತರ ಹುಡುಕುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಎರಡನೆಯದಕ್ಕೆ ಒಂದು ಕಾಗದ ಸಾಕು.

ಅಧಿಕಾರಿಯ ಕುರ್ಚಿಯಿಂದ ನೋಡಿದರೆ

ಅಧಿಕಾರಿಯ ಮುಂದಿರುವ ಪ್ರಶ್ನೆ ‘ಈ ಮನುಷ್ಯ ಒಳ್ಳೆಯವನೇ?’ ಎಂಬುದಲ್ಲ. ‘ಹೋದವರು ವಾಪಸ್ ಬರುತ್ತಾರೆಯೇ?’ ಎಂಬುದು. ಆ ಪ್ರಶ್ನೆಗೆ ಖಚಿತ ಉತ್ತರ ಯಾವ ಕಾಗದದಲ್ಲೂ ಇಲ್ಲ. ಆದ್ದರಿಂದ ಊಹಿಸಬೇಕು.

ಆ ಊಹೆ ತಪ್ಪಾಗಲು ಎರಡು ದಾರಿಗಳಿವೆ. ವೀಸಾ ಪಡೆದವರು ವಾಪಸ್ ಬರದೇ ಇರಬಹುದು. ವಾಪಸ್ ಬರುವವರಿಗೆ ವೀಸಾ ಕೊಡದೇ ಇರಬಹುದು. ಮೊದಲ ತಪ್ಪು ಲೆಕ್ಕಕ್ಕೆ ಬರುತ್ತದೆ. ಅವಧಿ ಮೀರಿ ಉಳಿದವರ ಬಗ್ಗೆ ಅಮೆರಿಕ ವಾರ್ಷಿಕ ವರದಿಯನ್ನೇ ಹೊರತರುತ್ತದೆ, ಸಂಸತ್ತಿನಲ್ಲಿ ಅದರ ಮೇಲೆ ಚರ್ಚೆಯಾಗುತ್ತದೆ. ಎರಡನೇ ತಪ್ಪು ಯಾವ ವರದಿಯಲ್ಲೂ ಕಾಣುವುದಿಲ್ಲ. ಮನೆಯಲ್ಲೇ ಉಳಿದವರು ವಾಪಸ್ ಬರುತ್ತಿದ್ದರೋ ಇಲ್ಲವೋ ಎಂದು ಯಾರು ಅಳೆಯಲು ಸಾಧ್ಯ? ಹೀಗಾಗಿ ಅನುಮಾನ ಬಂದಾಗ ‘ಇಲ್ಲ’ ಎನ್ನುವುದು ಸುಲಭ. ಇದರಲ್ಲಿ ಯಾರ ಕೆಟ್ಟತನವೂ ಇರಬೇಕಿಲ್ಲ, ವ್ಯವಸ್ಥೆಯ ಇಳಿಜಾರೇ ಆ ಕಡೆಗಿದೆ.

ಈ ಇಳಿಜಾರು ತಾನಾಗಿಯೇ ಕಡಿದಾಗುವುದೂ ಉಂಟು. ಬ್ರಿಟನ್ನಿನ ಗೃಹ ಇಲಾಖೆ ವೀಸಾ ಅರ್ಜಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಕಂಪ್ಯೂಟರ್ ವ್ಯವಸ್ಥೆ ಇಟ್ಟುಕೊಂಡಿತ್ತು. ಅದರಲ್ಲಿ ಅರ್ಜಿದಾರರ ರಾಷ್ಟ್ರೀಯತೆಯೂ ಒಂದು ಅಂಶ. ಒಂದು ದೇಶದವರಿಗೆ ಹಿಂದೆ ಜಾಸ್ತಿ ನಿರಾಕರಣೆ ಆಗಿದ್ದರೆ ಕೆಂಪು ಬಣ್ಣ ಬೀಳುವ ಸಾಧ್ಯತೆ ಹೆಚ್ಚು. ಕೆಂಪು ಬಿದ್ದರೆ ಪರಿಶೀಲನೆ ಬಿಗಿ, ನಿರಾಕರಣೆ ಇನ್ನೂ ಜಾಸ್ತಿ. ಆ ನಿರಾಕರಣೆಗಳೇ ಮತ್ತೆ ಮುಂದಿನ ಕೆಂಪಿಗೆ ಕಾರಣ. ಹಕ್ಕುಗಳ ಸಂಘಟನೆಗಳು ಕೋರ್ಟಿಗೆ ಹೋದ ಮೇಲೆ 2020ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದರು.

ಇದು ಇಡೀ ದೇಶಗಳ ಮಟ್ಟದಲ್ಲಿ ನಡೆದದ್ದು. ಒಬ್ಬ ವ್ಯಕ್ತಿಯ ಕಡತದಲ್ಲೂ ಹೀಗೇ ಆಗಬಹುದೇ, ಒಂದು ನಿರಾಕರಣೆ ಮುಂದಿನದಕ್ಕೆ ದಾರಿಯಾಗಬಹುದೇ ಎಂಬುದೇ ಮರು ಅರ್ಜಿ ಹಾಕುವವರ ಭಯ. ಷೆಂಗೆನ್ ನಿಯಮ ಇದಕ್ಕೆ ನೇರ ಉತ್ತರ ಕೊಟ್ಟಿದೆ. 2009ರ ವೀಸಾ ಸಂಹಿತೆಯ 21ನೇ ವಿಧಿ, ಹಿಂದಿನ ನಿರಾಕರಣೆಯೊಂದೇ ಕಾರಣಕ್ಕೆ ಹೊಸ ಅರ್ಜಿಯನ್ನು ತಾನಾಗಿ ತಳ್ಳಿಹಾಕಬಾರದು ಎನ್ನುತ್ತದೆ. ಬೇರೆ ದೇಶಗಳಲ್ಲೂ ಬರೀ ಹಳೇ ನಿರಾಕರಣೆ ನಿಷೇಧವಾಗುವುದಿಲ್ಲ. ಆದರೆ ಹಳೇ ಟಿಪ್ಪಣಿ ಹೊಸ ಅಧಿಕಾರಿಯ ಪರದೆ ಮೇಲೆ ಇರುತ್ತದೆ. ಅದನ್ನು ಓದಿದ ಮೇಲೆ ಅವರು ಮೊದಲು ಹುಡುಕುವುದು ಒಂದನ್ನೇ: ಆಗಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ?

ಆರು ತಿಂಗಳ ಲೆಕ್ಕ ಎಲ್ಲಿಂದ ಬಂತು?

‘ರಿಜೆಕ್ಟ್ ಆದರೆ ಆರು ತಿಂಗಳು ಕಾಯಬೇಕು’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಷೆಂಗೆನ್ ಯಾವುದರಲ್ಲೂ ಸಾಮಾನ್ಯ ನಿರಾಕರಣೆಗೆ ಇಂಥ ನಿಯಮವಿಲ್ಲ. ಮತ್ತೆ ಈ ಲೆಕ್ಕ ಯಾಕೆ ಹುಟ್ಟಿತು?

ಅದರ ಹಿಂದೆ ಒಂದು ನಿಜ ಇದೆ. ಪರಿಸ್ಥಿತಿ ಬದಲಾಗಲು ಸಮಯ ಬೇಕು. ಹೊಸ ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದವರಿಗೆ ಆರು ತಿಂಗಳ ನಂತರ ಆರು ತಿಂಗಳ ಸಂಬಳದ ದಾಖಲೆ ಇರುತ್ತದೆ. ಖಾತೆಯಲ್ಲಿ ಹಣ ದಿಢೀರ್ ಬಂದು ಕೂತಿದ್ದರೆ, ಆರು ತಿಂಗಳಲ್ಲಿ ಬರುವ ಹೋಗುವ ಹಣದ ಸಹಜ ಓಟ ಕಾಣುತ್ತದೆ. ಕಾಯುವುದರಿಂದ ಲಾಭವಾದವರಿಗೆ ಲಾಭವಾದದ್ದು ಕಾದದ್ದರಿಂದ ಅಲ್ಲ, ಕಾಯುವಾಗ ಏನೋ ಬದಲಾದದ್ದರಿಂದ.

ಇನ್ನೊಂದು ಗುಂಪಿನವರು ತಕ್ಷಣ ಹಾಕಿ ಎನ್ನುತ್ತಾರೆ. ಇನ್ನೊಬ್ಬ ಅಧಿಕಾರಿ ಸಿಗಬಹುದು, ಅದೃಷ್ಟ ಖುಲಾಯಿಸಬಹುದು ಎಂಬುದು ಅವರ ವಾದ. ಇದರಲ್ಲೂ ಸ್ವಲ್ಪ ಹುರುಳಿದೆ, ಯಾಕೆಂದರೆ ಒಂದೇ ಕಡತವನ್ನು ಇಬ್ಬರು ಬೇರೆ ಬೇರೆ ರೀತಿ ಅಳೆಯಬಲ್ಲರು. ಆದರೆ ಲಾಟರಿ ಟಿಕೆಟ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಲಾಟರಿಯಲ್ಲಿ ಸೋತ ಟಿಕೆಟ್ ಮುಂದಿನ ಟಿಕೆಟ್ಟಿಗೆ ತೊಂದರೆ ಕೊಡುವುದಿಲ್ಲ. ಇಲ್ಲಿ ಕೊಡುತ್ತದೆ. ಎರಡು ತಿಂಗಳಲ್ಲಿ ಮೂರು ಸಲ ಅದೇ ಅರ್ಜಿ ಹಾಕಿದವರನ್ನು ಕಂಡಾಗ ‘ಇವರಿಗೆ ಹೇಗಾದರೂ ಒಳಗೆ ಬರಲೇಬೇಕು’ ಎಂಬ ಭಾವನೆ ಬರುವುದು ಸಹಜ. ಅವರು ಅಳಿಸಬೇಕಿದ್ದ ಅನುಮಾನವೇ ಅದು.

ಹಾಗಾಗಿ ಕ್ಯಾಲೆಂಡರ್ ನೋಡುವುದಕ್ಕಿಂತ ನಿರಾಕರಣೆಯ ಕಾರಣ ನೋಡುವುದು ಸರಿ. ಪ್ರಯಾಣ ವಿಮೆಯ ಕಾಗದ ಬಿಟ್ಟುಹೋಗಿದ್ದರೆ ಮುಂದಿನ ವಾರವೇ ಹಾಕಬಹುದು. ಕೆಲಸ, ಆದಾಯ, ಜವಾಬ್ದಾರಿಗಳ ಬಗ್ಗೆಯೇ ಅನುಮಾನವಿದ್ದರೆ ಅವು ಬದಲಾಗದೆ ಒಂದು ವರ್ಷ ಕಾದರೂ ಪ್ರಯೋಜನ ಕಡಿಮೆ.

ಏನು ಬದಲಾಗಬೇಕು, ಏನು ಬದಲಾಗಬಾರದು

ಮರು ಅರ್ಜಿಯ ಕಷ್ಟವೇ ಇದು. ಸಾಕ್ಷ್ಯ ಬದಲಾಗಬೇಕು, ಕಥೆ ಬದಲಾಗಬಾರದು.

ಮೊದಲ ಅರ್ಜಿಯಲ್ಲಿ ‘ಅಕ್ಕನ ಮನೆಗೆ ಮೂರು ತಿಂಗಳು’ ಎಂದು ಬರೆದು ರಿಜೆಕ್ಟ್ ಆದವರು ಎರಡನೆಯದರಲ್ಲಿ ‘ಹತ್ತು ದಿನ ಊರು ಸುತ್ತಲು’ ಎಂದು ಬರೆದರೆ ಏನಾಗುತ್ತದೆ? ಮೂರು ತಿಂಗಳು ಜಾಸ್ತಿಯಾಯಿತೇನೋ ಎಂದು ಅವರು ಕಡಿಮೆ ಮಾಡಿರಬಹುದು. ಅಧಿಕಾರಿಗೆ ಕಾಣುವುದು ಬೇರೆ. ಅಕ್ಕ ಎಲ್ಲಿ ಹೋದರು? ಯಾವುದು ನಿಜ? ಅವಧಿ ಕಡಿಮೆ ಮಾಡುವುದು ತಪ್ಪಲ್ಲ. ಯಾಕೆ ಕಡಿಮೆ ಮಾಡಿದ್ದು ಎಂದು ಹೇಳದಿರುವುದು ತಪ್ಪು. ‘ಹಿಂದೆ ಮೂರು ತಿಂಗಳು ಕೇಳಿದ್ದೆ, ಈಗ ಕಚೇರಿಯಲ್ಲಿ ಎರಡು ವಾರ ರಜೆ ಮಂಜೂರಾಗಿದೆ, ರಜೆ ಪತ್ರ ಲಗತ್ತಿಸಿದೆ’ ಎಂಬ ಎರಡು ಸಾಲು ಇದ್ದರೆ ಅದೇ ಬದಲಾವಣೆ ಅನುಮಾನದ ಬದಲು ಸಾಕ್ಷ್ಯವಾಗುತ್ತದೆ.

ಕಾಗದ ನೋಡಿ ತೀರ್ಮಾನಿಸುವ ದೇಶಗಳಲ್ಲಿ, ಅಂದರೆ ಬ್ರಿಟನ್, ಕೆನಡಾ, ಹೆಚ್ಚಿನ ಮಟ್ಟಿಗೆ ಷೆಂಗೆನ್‌ನಲ್ಲಿ, ಹಳೇ ಕಾರಣಗಳಿಗೆ ಒಂದೊಂದಾಗಿ ಉತ್ತರಿಸುವ ಒಂದು ಪುಟದ ಪತ್ರ ಬಹಳ ಕೆಲಸ ಮಾಡುತ್ತದೆ. ನಿರಾಕರಣೆಯ ದಿನಾಂಕ, ಅವರು ಹೇಳಿದ ಕಾರಣ, ಅದಕ್ಕೆ ಈಗಿನ ದಾಖಲೆ. ಹಿಂದಿನ ಅಧಿಕಾರಿಯನ್ನು ಬೈಯುವುದು ಬೇಡ, ಕಣ್ಣೀರೂ ಬೇಡ. ಇವತ್ತಿನ ಅಧಿಕಾರಿ ನಾಳೆ ಅದೇ ಕುರ್ಚಿಯಲ್ಲಿ ಬೈಸಿಕೊಳ್ಳಬೇಕಾದವರು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಡಿಎಸ್-160 ಎಂಬ ಆನ್‌ಲೈನ್ ಅರ್ಜಿ ಮತ್ತು ಕೆಲವೇ ನಿಮಿಷದ ಸಂದರ್ಶನದ ಮೇಲೆ ತೀರ್ಮಾನವಾಗುತ್ತದೆ. ದಪ್ಪ ಫೈಲನ್ನು ಅಧಿಕಾರಿ ತೆರೆಯದೇ ಇರಬಹುದು. ‘ಕಳೆದ ಸಲದಿಂದ ಈಚೆಗೆ ಏನು ಬದಲಾಗಿದೆ?’ ಎಂದು ಕೇಳಿದರೆ ಬಾಯಲ್ಲಿ ಎರಡು ವಾಕ್ಯದ ಉತ್ತರ ಇರಬೇಕು. ಬಂದ ಬದಲಾವಣೆ ಅರ್ಜಿಯಲ್ಲೂ ಕಾಣಬೇಕು, ಕೆಲಸದ ವಿವರದ ಜಾಗದಲ್ಲಿ, ಪ್ರಯಾಣದ ಇತಿಹಾಸದ ಜಾಗದಲ್ಲಿ.

ಹಣದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಖಾತೆಯಲ್ಲಿ ದೊಡ್ಡ ಮೊತ್ತ ಇದ್ದರೆ ಸಾಕು ಎಂಬುದು. ಅರ್ಜಿಗೆ ಮುಂಚೆ ಯಾರಿಂದಲೋ ಸಾಲ ತಂದು ಹಾಕಿ, ಸ್ಟೇಟ್‌ಮೆಂಟ್ ತೆಗೆಸಿ, ವಾಪಸ್ ಕೊಡುವುದು ಇದರಿಂದಲೇ ಹುಟ್ಟಿದ ಉಪಾಯ. ಅಧಿಕಾರಿ ನೋಡುವುದು ಮೊತ್ತವನ್ನಲ್ಲ, ಹಣ ಎಲ್ಲಿಂದ ಬಂತು ಎಂಬುದನ್ನು. ತಿಂಗಳ ಆದಾಯಕ್ಕೆ ಹೊಂದದ ಹಣ ಇದ್ದಕ್ಕಿದ್ದಂತೆ ಬಂದಿದ್ದರೆ ಅದು ಇಲ್ಲದಿದ್ದುದಕ್ಕಿಂತ ಕೆಟ್ಟದು. ಜಾಗ ಮಾರಿದ ಹಣವೇ ಆಗಿದ್ದರೆ ಮಾರಾಟದ ಪತ್ರ ಜೊತೆಗಿರಲಿ.

ಆಹ್ವಾನ ಪತ್ರದ್ದೂ ಇದೇ ಕತೆ. ಅಲ್ಲಿ ಇರುವ ಮಗ ‘ಎಲ್ಲ ಖರ್ಚೂ ನನ್ನದೇ’ ಎಂದು ಬರೆದುಕೊಟ್ಟರೆ ಹಣದ ಪ್ರಶ್ನೆ ಬಗೆಹರಿಯುತ್ತದೆ. ವಾಪಸ್ ಬರುವ ಪ್ರಶ್ನೆ ಬಗೆಹರಿಯುವುದಿಲ್ಲ. ಕೆಲವೊಮ್ಮೆ ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಎಲ್ಲ ಸೆಳೆತವೂ ಆ ಕಡೆಗೇ ಇದೆ ಎಂದು ಆ ಪತ್ರವೇ ಹೇಳುತ್ತದೆ. ಈ ಕಡೆಯ ಸೆಳೆತ ಏನು ಎಂಬ ಕಾಗದವೇ ಹೆಚ್ಚಿನ ಅರ್ಜಿಗಳಲ್ಲಿ ತೆಳ್ಳಗಿರುತ್ತದೆ.

ಒಂದು ಸುಳ್ಳು ಟಿಕ್

ನಿರಾಕರಣೆಯಿಂದ ಆಗುವ ಹಾನಿಗಿಂತ ಅದನ್ನು ಮುಚ್ಚಿಟ್ಟದ್ದರಿಂದ ಆಗುವ ಹಾನಿ ಎಷ್ಟೋ ಪಟ್ಟು ದೊಡ್ಡದು. ‘ಬೇರೆ ದೇಶದ್ದಲ್ವಾ, ಇವರಿಗೆ ಹೇಗೆ ಗೊತ್ತಾಗುತ್ತದೆ?’ ಎಂದುಕೊಂಡು ‘ಇಲ್ಲ’ ಎಂದು ಗುರುತು ಹಾಕುವವರಿದ್ದಾರೆ.

ಗೊತ್ತಾಗುತ್ತದೆ. ಷೆಂಗೆನ್ ದೇಶಗಳಿಗೆಲ್ಲ ಒಂದೇ ವೀಸಾ ಮಾಹಿತಿ ವ್ಯವಸ್ಥೆ. ಒಂದು ದೇಶ ನಿರಾಕರಿಸಿದ ವಿವರ ಐದು ವರ್ಷದವರೆಗೆ ಉಳಿದವರಿಗೆ ಕಾಣುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬೆರಳಚ್ಚಿನ ಆಧಾರದ ಮೇಲೆ ವಲಸೆ ಮಾಹಿತಿ ಹಂಚಿಕೊಳ್ಳುತ್ತವೆ.

ಸಿಕ್ಕಿಬಿದ್ದರೆ? ಕೆನಡಾದಲ್ಲಿ ಸುಳ್ಳು ಮಾಹಿತಿಗೆ ಐದು ವರ್ಷ ಪ್ರವೇಶವಿಲ್ಲ. 2014ಕ್ಕೆ ಮುಂಚೆ ಅದು ಎರಡು ವರ್ಷವಿತ್ತು. ಬ್ರಿಟನ್ನಿನಲ್ಲಿ ಅರ್ಜಿಯಲ್ಲಿ ವಂಚನೆ ಎಂದಾದರೆ 10 ವರ್ಷ. ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಮೂರು ವರ್ಷ, ಗುರುತಿನ ಬಗ್ಗೆಯೇ ಸುಳ್ಳಾದರೆ 10 ವರ್ಷ. ಅಮೆರಿಕದಲ್ಲಿ ಉದ್ದೇಶಪೂರ್ವಕ ಸುಳ್ಳಿಗೆ ಅವಧಿಯೇ ಇಲ್ಲ, ವಿನಾಯಿತಿ ಸಿಗದಿದ್ದರೆ ಶಾಶ್ವತ. ಮೊದಲು ಇದ್ದದ್ದು ಬರೀ ಒಂದು ಅನುಮಾನ. ಈಗ ಅದರ ಮೇಲೆ ನಿಷೇಧ.

ಅರ್ಜಿಯನ್ನು ಏಜೆಂಟ್ ತುಂಬಿದರು ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಡೆಯುವುದಿಲ್ಲ. ಕೆಳಗಿನ ಘೋಷಣೆ ಅರ್ಜಿದಾರರ ಹೆಸರಿನಲ್ಲೇ ಇರುತ್ತದೆ. ಕಳಿಸುವ ಮುಂಚೆ ಪ್ರತಿ ಪುಟ ಓದಿ, ಒಂದು ಪ್ರತಿ ಇಟ್ಟುಕೊಳ್ಳುವುದು ಅದಕ್ಕೇ. ಮುಂದಿನ ಅರ್ಜಿಯಲ್ಲಿ ಏನು ಬರೆದಿದ್ದೆ ಎಂದು ನೆನಪಿಲ್ಲದೆ ಬೇರೆ ಬರೆದರೂ ಅದು ಸುಳ್ಳಿನಂತೆಯೇ ಕಾಣುತ್ತದೆ.

ಬೇರೆ ಕಚೇರಿ, ಬೇರೆ ದೇಶ

ಅಲ್ಲಿ ಆಗಲಿಲ್ಲ, ಇನ್ನೊಂದು ಕಡೆ ನೋಡೋಣ ಎಂಬ ದಾರಿ ಇನ್ನು ಸುಲಭವಲ್ಲ. ಷೆಂಗೆನ್‌ನಲ್ಲಿ ಪ್ರವಾಸದ ಮುಖ್ಯ ದೇಶದ ಕಚೇರಿಗೇ ಅರ್ಜಿ ಹಾಕಬೇಕು. ಒಂದು ದೇಶ ಕೊಡಲಿಲ್ಲವೆಂದು ಇನ್ನೊಂದರ ಹೆಸರು ಬರೆದು, ಹೋಟೆಲ್ ಬುಕಿಂಗ್ ಮಾತ್ರ ಬದಲಿಸಿದರೆ ಮಾಹಿತಿ ನಂಬುವಂತಿಲ್ಲ ಎಂಬ ಗುರುತು ಬೀಳುತ್ತದೆ. ಅಮೆರಿಕದ 2025ರ ಸೆಪ್ಟೆಂಬರ್ ಸೂಚನೆ, ಸರತಿ ಚಿಕ್ಕದಿರುವ ಮೂರನೇ ದೇಶಕ್ಕೆ ಹೋಗಿ ಸಂದರ್ಶನ ಕೊಡುತ್ತಿದ್ದವರ ದಾರಿಯನ್ನೂ ಕಡಿಮೆ ಮಾಡಿದೆ. ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ ಕಡೆ ಇದರ ಪರಿಣಾಮ ನೇರ: ಒಂದು ಸಲ ರಿಜೆಕ್ಟ್ ಆದರೆ ಮತ್ತೆ ಸರತಿಯ ಕೊನೆಗೆ.

ಕೋರ್ಟಿಗೆ ಹೋಗಿ ಗೆದ್ದರೆ?

ಕೆಲವು ಕಡೆ ದಾರಿ ಇನ್ನೂ ತೆರೆದಿದೆ. ಷೆಂಗೆನ್ ನಿಯಮದ ಪ್ರಕಾರ ಮೇಲ್ಮನವಿ ಹಕ್ಕು ಇರಲೇಬೇಕು, ಹೇಗೆ ಎಂಬುದನ್ನು ಪ್ರತಿ ದೇಶದ ಕಾನೂನು ಹೇಳುತ್ತದೆ. ಯಾವುದೋ ಒಂದು ಹಂತದಲ್ಲಿ ನ್ಯಾಯಾಲಯ ನೋಡಲೇಬೇಕು ಎಂದು ಯುರೋಪಿನ ನ್ಯಾಯಾಲಯ 2017ರಲ್ಲಿ ಸ್ಪಷ್ಟಪಡಿಸಿತು. ಅದಕ್ಕೇ ಜರ್ಮನಿ ಮರುಪರಿಶೀಲನೆ ನಿಲ್ಲಿಸಬಲ್ಲದು, ಕೋರ್ಟಿನ ಬಾಗಿಲು ಮುಚ್ಚಲಾರದು. ಕೆನಡಾದಲ್ಲಿ ದೇಶದ ಹೊರಗಿನ ತೀರ್ಮಾನವನ್ನು 60 ದಿನದೊಳಗೆ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು ಅನುಮತಿ ಕೇಳಬಹುದು.

ಆದರೆ ಕೆನಡಾದಲ್ಲಿ ಗೆದ್ದರೆ ಸಿಗುವುದು ಸಾಮಾನ್ಯವಾಗಿ ವೀಸಾ ಅಲ್ಲ. ಕಡತ ಇನ್ನೊಬ್ಬ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಅವರು ಹೊಸದಾಗಿ ನೋಡುತ್ತಾರೆ. ವಕೀಲರ ಶುಲ್ಕ ಕಟ್ಟಿ, ತಿಂಗಳುಗಟ್ಟಲೆ ಕಾದು, ಕೊನೆಗೆ ತಲುಪುವುದು ಎರಡನೇ ಅರ್ಜಿ ಮುಟ್ಟಿಸುತ್ತಿದ್ದ ಜಾಗಕ್ಕೇ. ಹಾಗೆಂದು ಕೋರ್ಟು ವ್ಯರ್ಥ ಎನ್ನುವಂತಿಲ್ಲ. ಸುಳ್ಳು ಹೇಳಿದ್ದೀರಿ ಎಂಬ ಆರೋಪದ ಮೇಲೆ ಐದು ವರ್ಷ ನಿಷೇಧ ಬಿದ್ದಿದ್ದರೆ ಹೊಸ ಅರ್ಜಿ ಅದನ್ನು ತೊಳೆಯುವುದಿಲ್ಲ. ಅಲ್ಲಿ ಕೋರ್ಟಿಗೇ ಹೋಗಬೇಕು. ಬರೀ ‘ಮನವರಿಕೆಯಾಗಿಲ್ಲ’ ಎಂಬ ನಿರಾಕರಣೆಗೆ ಮರು ಅರ್ಜಿಯೇ ಅಗ್ಗ.

ಮುಂದೆ ಏನಾಗಬಹುದು

ಮೇಲ್ಮನವಿ ಕಡಿಮೆಯಾದಷ್ಟೂ ಮರು ಅರ್ಜಿಗಳು ಜಾಸ್ತಿಯಾಗುತ್ತವೆ. ಆ ಹೊರೆ ಕಚೇರಿಗಳ ಮೇಲೂ ಬೀಳುತ್ತದೆ, ಆದರೆ ಪ್ರತಿ ಅರ್ಜಿಯ ಜೊತೆ ಶುಲ್ಕವೂ ಬರುತ್ತದೆ. ಹಣವಿದ್ದವರು ಮೂರು ಸಲ ಪ್ರಯತ್ನಿಸುತ್ತಾರೆ. ಇಲ್ಲದವರು ಒಂದಕ್ಕೇ ಕೈಬಿಡುತ್ತಾರೆ. ‘ರಿಜೆಕ್ಟ್ ಆದವರಿಗೆ ಗ್ಯಾರಂಟಿ ವೀಸಾ’ ಎನ್ನುವ ಏಜೆಂಟರ ವ್ಯಾಪಾರವೂ ಬೆಳೆಯುತ್ತದೆ. ವೀಸಾ ಕೊಡುವ ಅಧಿಕಾರ ಇರುವವರು ಗ್ಯಾರಂಟಿ ಕೊಡುವುದಿಲ್ಲ, ಗ್ಯಾರಂಟಿ ಕೊಡುವವರಿಗೆ ಆ ಅಧಿಕಾರ ಇರುವುದಿಲ್ಲ.

ಕೆನಡಾದ ಪ್ರಯೋಗ ಬೇರೆ ದೇಶಗಳಿಗೆ ಹರಡಿದರೆ ಮಾತ್ರ ಚಿತ್ರ ಸ್ವಲ್ಪ ಬದಲಾಗಬಹುದು. ಮೇಲ್ಮನವಿ ತೆಗೆದು ‘ಮತ್ತೆ ಅರ್ಜಿ ಹಾಕಿ’ ಎನ್ನುವ ಸರ್ಕಾರ ಕನಿಷ್ಠ ಯಾಕೆ ಕೊಡಲಿಲ್ಲ ಎಂದಾದರೂ ಸ್ಪಷ್ಟವಾಗಿ ಹೇಳಬೇಕು. ಹೇಳಿದರೆ ಎರಡನೇ ಅರ್ಜಿ ಮೇಲ್ಮನವಿಯ ಕೆಲಸವನ್ನು ಸುಮಾರಾಗಿಯಾದರೂ ಮಾಡಬಲ್ಲದು. ಹೇಳದಿದ್ದರೆ ಕಾರಣ ಗೊತ್ತಿಲ್ಲದೆ ಎರಡನೇ ಸಲ ದುಡ್ಡು ಕಟ್ಟಿಸಿಕೊಂಡಂತೆ. ಜರ್ಮನಿ ಮರುಪರಿಶೀಲನೆಯನ್ನು ನಿಲ್ಲಿಸಿದ ತಿಂಗಳಲ್ಲೇ ಕೆನಡಾ ಟಿಪ್ಪಣಿ ಕೊಡಲು ಶುರುಮಾಡಿದ್ದು ಕಾಕತಾಳೀಯ. ಆದರೆ ಒಂದೇ ದೇಶ ಎರಡನ್ನೂ ಒಟ್ಟಿಗೆ ಮಾಡಿದ್ದರೆ ಮೊದಲನೆಯದಕ್ಕೆ ವಿರೋಧ ಇಷ್ಟಿರುತ್ತಿರಲಿಲ್ಲ.

ಇನ್ನು ಎರಡನೇ ಸಲ ವೀಸಾ ಸಿಕ್ಕವರ ವಿಷಯ. ಮುಂದಿನ ಪ್ರವಾಸಕ್ಕೆ, ಬೇರೆ ಯಾವುದೇ ದೇಶಕ್ಕೆ, ಹಿಂದಿನ ನಿರಾಕರಣೆ ಬಗ್ಗೆ ಕೇಳಿದರೆ ಉತ್ತರ ಈಗಲೂ ‘ಹೌದು’. ಅದರ ಕೆಳಗೆ ವಿವರ ಬರೆಯಲು ಜಾಗ ಇರುತ್ತದೆ. ಯಾವ ವರ್ಷ, ಯಾವ ದೇಶ, ಯಾವ ಕಾರಣಕ್ಕೆ ಕೊಡಲಿಲ್ಲ ಎಂಬುದರ ಪಕ್ಕದಲ್ಲೇ ಯಾವ ವರ್ಷ ಕೊಟ್ಟರು, ಯಾವ ದಿನ ವಾಪಸ್ ಬಂದೆ ಎಂಬುದನ್ನೂ ಬರೆಯಬಹುದು.